ಪ್ರಾರ್ಥನೆ ಬಾಯಿಗೆ ಬಾರದ ದಿನಗಳಲ್ಲಿ ಪ್ರಲಾಪದ ಕೀರ್ತನೆ ಹಿಡಿದು ಪ್ರಾರ್ಥಿಸುವುದು ಹೇಗೆ

ನಮ್ಮ ಸಭೆಯ ಪ್ರಾರ್ಥನಾ ಗುಂಪಿನಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಕೆಲಸ ಹೋದವರು, ಮಗುವನ್ನು ಕಳೆದುಕೊಂಡವರು, ವರ್ಷಗಟ್ಟಲೆ ರೋಗಿಯ ಹಾಸಿಗೆ ಕಾದವರು ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಪ್ರಾರ್ಥನೆಗೆ ಕುಳಿತರೆ ಮಾತೇ ಬರುತ್ತಿಲ್ಲ. ಸ್ತೋತ್ರ ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ." ಅವರು ಎಡವುವ ಜಾಗವೂ ಒಂದೇ. ಅಳುವುದಕ್ಕೆ ಮೊದಲೇ ಸ್ತುತಿಸಲು ಹೊರಡುತ್ತಾರೆ. ಹೊಸ ವರ್ಷದ ರಾತ್ರಿ ಸಭೆಯಲ್ಲಿ ಸಿಕ್ಕ, ದೇವರ ವಾಗ್ದಾನದ ವಚನವಿರುವ ಚೀಟಿಯನ್ನು ಸತ್ಯವೇದದಲ್ಲಿ (ಬೈಬಲಿನಲ್ಲಿ) ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಹೇಳುತ್ತಾರೆ, ಎರಡು ವಾರದಲ್ಲಿ ದಣಿಯುತ್ತಾರೆ, ತಮ್ಮ ನಂಬಿಕೆಯೇ ಸಾಲದು ಎಂದುಕೊಂಡು ಸಭೆಗೆ ಬರುವುದನ್ನೂ ಕಡಿಮೆ ಮಾಡುತ್ತಾರೆ.

ನಂಬಿಕೆ ಸಾಲದೆ ಹೀಗಾಗುವುದನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ಹೆಚ್ಚಿನವರಲ್ಲಿ ಕ್ರಮ ತಪ್ಪಿರುತ್ತದೆ. ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿರುವ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಳುವಿನವು, ದೂರಿನವು. ಪ್ರಲಾಪದ ಕೀರ್ತನೆ ಎಂದರೆ ಇವೇ. ಅವುಗಳಿಗೆ ಒಂದು ಓಟವಿದೆ: ಕರೆ, ದೂರು, ಬೇಡಿಕೆ, ಭರವಸ. ಈ ಓಟವನ್ನು ಹಿಡಿದು ಪ್ರಾರ್ಥಿಸುವುದನ್ನೇ ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಹಂತಗಳನ್ನು ಅದಲು ಬದಲು ಮಾಡಬೇಡಿ.

ಮೊದಲು ಇಷ್ಟನ್ನು ಹೊಂದಿಸಿಕೊಳ್ಳಿ

ಕಾಗದದ ಸತ್ಯವೇದ ಒಂದು. ಮೊಬೈಲಿನಲ್ಲಿ ಓದಬಾರದೆಂದಿಲ್ಲ, ಆದರೆ ಮಧ್ಯೆ ಯಾರದೋ ಶುಭೋದಯದ ವಚನ ಬಂದು ಬೀಳುತ್ತದೆ, ಗಮನ ಅಲ್ಲಿಗೆ ಹೋಗುತ್ತದೆ. 200 ಪುಟದ ಸಾಧಾರಣ ನೋಟ್‌ಬುಕ್ ಮತ್ತು ಒಂದು ಪೆನ್ನು. ದಿನಕ್ಕೆ ಇಪ್ಪತ್ತು ನಿಮಿಷ, ಸಾಧ್ಯವಾದರೆ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ. ಬಾಗಿಲು ಹಾಕಿಕೊಳ್ಳುವ ಕೋಣೆ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಮಾಳಿಗೆಯ ಮೆಟ್ಟಿಲು ಆಗುತ್ತದೆ, ನಿಲ್ಲಿಸಿದ ಆಟೋದ ಸೀಟೂ ಆಗುತ್ತದೆ. ನೋಟ್‌ಬುಕ್ಕನ್ನು ಯಾರೂ ಓದುವುದಿಲ್ಲ ಎಂಬ ಖಾತರಿ ಮಾತ್ರ ನಿಮಗಿರಬೇಕು. ಮನೆಯವರು ಓದುತ್ತಾರೆಂಬ ಭಯವಿದ್ದರೆ ಮೂರನೆಯ ಹಂತ ಕೆಡುತ್ತದೆ.

ಹಂತ 1: ಮೊದಲು ಊಟ, ನಿದ್ರೆ

ಇದನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಸತ್ಯವೇದದ 1 ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋದ ಪ್ರವಾದಿ ಎಲೀಯ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ಪ್ರಾಣ ತೆಗೆದುಕೋ ಎನ್ನುತ್ತಾನೆ. ದೇವದೂತ ಬಂದು ಅವನಿಗೆ ಬೋಧನೆ ಮಾಡುವುದಿಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಊಟವೇ. ಹೋರೇಬ್ ಬೆಟ್ಟದಲ್ಲಿ ದೇವರ ಜೊತೆ ಮಾತು ನಡೆಯುವುದು ಅದಾದ ನಲವತ್ತು ದಿನಗಳ ಮೇಲೆ.

ಆದ್ದರಿಂದ ಮೊದಲ ಮೂರು ನಾಲ್ಕು ದಿನ ಕೆಲಸ ಇಷ್ಟೇ: ಹೊತ್ತಿಗೆ ಸರಿಯಾಗಿ ಉಣ್ಣುವುದು, ಮಲಗುವುದು, ಸಾಧ್ಯವಿದ್ದರೆ ಬೆಳಗಿನ ಬಿಸಿಲಿನಲ್ಲಿ ಹತ್ತು ನಿಮಿಷ ನಡೆಯುವುದು. ನಡೆಯುವಾಗ "ಕರ್ತನೇ, ಕರುಣಿಸು" ಎಂಬ ಎರಡೇ ಪದ ಹೇಳಿಕೊಂಡರೆ ಸಾಕು.

ಸಾಮಾನ್ಯ ತಪ್ಪು: ದುಃಖದ ನಡುವೆಯೇ ದೀರ್ಘ ಉಪವಾಸ ಹಿಡಿಯುವುದು. ಉಪವಾಸ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ನಿದ್ರೆಗೆಟ್ಟು ಅನ್ನ ಸೇರದೆ ಸೊರಗಿದವರು ಮೂರು ದಿನದ ಉಪವಾಸ ಕೂಟಕ್ಕೆ ಹೆಸರು ಕೊಟ್ಟರೆ ಕೈಹಿಡಿದು ಮನೆಗೆ ಕಳಿಸುತ್ತೇನೆ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು.

ಹಂತ 2: ಒಂದೇ ಕೀರ್ತನೆ ಆರಿಸಿ, ಒಂದು ವಾರ ಅದರಲ್ಲೇ ಇರಿ

ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನ ಓದುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಕಷ್ಟಕಾಲದಲ್ಲಿ ಅದು ಬೇಡ. ನಿಮ್ಮ ನೋವಿಗೆ ಹೊಂದುವ ಕೀರ್ತನೆಯನ್ನು ತಿಳಿದೇ ಆರಿಸಿಕೊಳ್ಳಿ.

ದೇವರು ಮರೆತೇಬಿಟ್ಟಿದ್ದಾನೆ ಅನಿಸಿದರೆ 13ನೇ ಕೀರ್ತನೆ. ರಾತ್ರಿ ರೆಪ್ಪೆ ಮುಚ್ಚದಿದ್ದರೆ 77. ಹಾಸಿಗೆ ಕಣ್ಣೀರಿನಿಂದ ತೋಯುವಷ್ಟು ಅಳು, ಮೈಯಲ್ಲಿ ಕಾಯಿಲೆ ಇದ್ದರೆ 6. ಜೊತೆಗೆ ದೇವಾಲಯಕ್ಕೆ ಬರುತ್ತಿದ್ದ ಗೆಳೆಯನೇ ಮೋಸ ಮಾಡಿದ್ದರೆ 55. ಅನ್ಯಾಯ ಮಾಡಿದವರು ಕೊಬ್ಬಿ ನೆಮ್ಮದಿಯಾಗಿರುವುದು ಹೊಟ್ಟೆ ಉರಿಸುತ್ತಿದ್ದರೆ 73. ಕಷ್ಟಕ್ಕೆ ನಿಮ್ಮದೇ ತಪ್ಪು ಕಾರಣವಾಗಿದ್ದರೆ 51 ಅಥವಾ 130. ವಯಸ್ಸಾಗಿ, ಕೈಲಾಗದೆ, ಬೇಡವಾದವರಂತೆ ಅನಿಸಿದರೆ 71. ಎಲ್ಲಿಯೂ ಬೆಳಕಿನ ಸುಳಿವೇ ಇಲ್ಲದಿದ್ದರೆ 88.

ಯಾವುದೆಂದು ತೋಚದಿದ್ದರೆ 13ರಿಂದ ತೊಡಗಿ. ಆರೇ ವಚನ. ಮೊದಲ ಎರಡರಲ್ಲಿ "ಇನ್ನೆಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ, ಮೂರು ನಾಲ್ಕರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸ. ಓಟ ಕಲಿಯಲು ಇದಕ್ಕಿಂತ ಸುಲಭವಾದದ್ದು ನನಗೆ ಸಿಕ್ಕಿಲ್ಲ. ದಿನಕ್ಕೆ ಎರಡು ಸಲ, ಒಮ್ಮೆ ತುಟಿ ಅಲುಗಿಸಿ, ಒಮ್ಮೆ ಗಟ್ಟಿಯಾಗಿ ಓದಿ. ವಾರ ಮುಗಿಯುವ ತನಕ ಬೇರೆ ಕೀರ್ತನೆಗೆ ಹೋಗಬೇಡಿ.

ಹಂತ 3: ದೂರನ್ನು ದೇವರಿಗೇ ಬರೆಯಿರಿ

ಇಡೀ ಕ್ರಮ ನಿಂತಿರುವುದು ಈ ಹಂತದ ಮೇಲೆ. ಇಲ್ಲಿ ಅವಸರ ಮಾಡಬೇಡಿ. ವಾರ ಹಿಡಿದರೆ ಹಿಡಿಯಲಿ, ತಿಂಗಳಾದರೂ ಆಗಲಿ.

ನೋಟ್‌ಬುಕ್ ತೆರೆದು, ದಿನಾಂಕ ಹಾಕಿ, "ದೇವರೇ, ನೀನು" ಎಂದು ಶುರುಮಾಡಿ. ಏನು ನಡೆಯಿತು, ಎಲ್ಲಿ ನೋಯುತ್ತಿದೆ, ನೀನು ಏಕೆ ಸುಮ್ಮನಿದ್ದೀ ಎಂದು ಬರೆಯಿರಿ. ಸಭೆಯಲ್ಲಿ ಎದ್ದು ನಿಂತು ಪ್ರಾರ್ಥಿಸುವಾಗ ಬಾಯಿಗೆ ತಾನಾಗಿ ಬರುವ "ಮಹಾಕೃಪೆಯುಳ್ಳ ಪರಲೋಕದ ತಂದೆಯೇ" ಎಂಬ ಮಾತುಗಳು ಇಲ್ಲಿ ಬೇಕಿಲ್ಲ. ಮನೆಯಲ್ಲಿ ತುಳು ಆಡುವವರು ತುಳುವಿನಲ್ಲಿ ಬರೆಯಲಿ, ಕೊಂಕಣಿಯವರು ಕೊಂಕಣಿಯಲ್ಲಿ, ತೆಲುಗಿನವರು ತೆಲುಗಿನಲ್ಲಿ. ಬಿದ್ದಾಗ ಯಾವ ಭಾಷೆಯಲ್ಲಿ "ಅಮ್ಮಾ" ಎನ್ನುತ್ತೀರೋ ಆ ಭಾಷೆ ಇದಕ್ಕೆ ಸರಿ.

ಸಾಮಾನ್ಯವಾದ ದುಃಖವನ್ನು ಬರೆಯಬೇಡಿ, ನಿಮ್ಮದನ್ನೇ ಬರೆಯಿರಿ. "ನನ್ನ ಕಷ್ಟಗಳನ್ನು ನೋಡು" ಎಂದರೆ ಮನಸ್ಸು ಕದಲುವುದಿಲ್ಲ. "ಮೂರನೆಯ ಕಂತು ಕಟ್ಟಿಲ್ಲ, ಇಂದು ಬ್ಯಾಂಕಿನವರು ಫೋನ್ ಮಾಡಿದಾಗ ಮಗಳ ಮುಂದೆ ಸುಳ್ಳು ಹೇಳಿದೆ" ಎಂದು ಬರೆದಾಗ ಕಣ್ಣು ತುಂಬುತ್ತದೆ.

ನನ್ನ ಅಮ್ಮನ ಮೂತ್ರಪಿಂಡಗಳು ಕೆಟ್ಟಾಗ ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಆಸ್ಪತ್ರೆಯ ಕಾರಿಡಾರಿನ ಕಬ್ಬಿಣದ ಕುರ್ಚಿಯಲ್ಲಿ ಕುಳಿತು ನಾನು ಮೊದಲ ಎರಡು ತಿಂಗಳು ಬರೀ ಸ್ತೋತ್ರ ಬರೆದೆ. ಇವತ್ತು ಸೂಜಿ ಸರಿಯಾಗಿ ಸಿಕ್ಕಿತು, ಸ್ತೋತ್ರ. ರಕ್ತದೊತ್ತಡ ಬೀಳಲಿಲ್ಲ, ಸ್ತೋತ್ರ. ಆ ಪುಟಗಳ ಅಕ್ಷರ ಈಗಲೂ ಮುತ್ತಿನಂತಿದೆ. ಒಂದು ಗುರುವಾರ ಅಮ್ಮ ನನ್ನನ್ನು ಗುರುತಿಸದೆ "ನೀವು ಯಾರ ಮನೆಯವರು?" ಎಂದು ಕೇಳಿದರು. ಅಂದಿನ ಪುಟದಲ್ಲಿ "ಇನ್ನೆಷ್ಟರವರೆಗೆ" ಎಂಬ ಒಂದೇ ಪದ ಇದೆ. ಪೆನ್ನು ಎಷ್ಟು ಒತ್ತಿದ್ದೆನೆಂದರೆ ಹಿಂದಿನ ಮೂರು ಹಾಳೆಗಳ ಮೇಲೆ ಅದರ ಅಚ್ಚು ಬಿದ್ದಿದೆ, ಬೆರಳಾಡಿಸಿದರೆ ಸಿಗುತ್ತದೆ. ಆ ಎರಡು ತಿಂಗಳಲ್ಲಿ ನಾನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದು.

ಹೀಗೆ ದೇವರನ್ನು ಕೇಳುವುದು ಪಾಪವಲ್ಲವೇ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಶಿಲುಬೆಯ ಮೇಲೆ ಯೇಸು 22ನೇ ಕೀರ್ತನೆಯ ಮೊದಲ ಮಾತನ್ನೇ ಕೂಗಿದನು: "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಪಾಪವಿಲ್ಲದವನ ಬಾಯಿಂದ ಬಂದ ಪ್ರಶ್ನೆ ನಮ್ಮ ಬಾಯಲ್ಲಿ ಪಾಪವಾಗುವುದಿಲ್ಲ.

ಆದರೆ ದೂರಿಗೂ ಗೊಣಗಾಟಕ್ಕೂ ವ್ಯತ್ಯಾಸವಿದೆ, ಅದನ್ನು ಗಮನಿಸುತ್ತಿರಬೇಕು. ಅರಣ್ಯದಲ್ಲಿ ಇಸ್ರಾಯೇಲ್ಯರು ತಮ್ಮ ತಮ್ಮ ಡೇರೆಗಳಲ್ಲಿ ಕುಳಿತು ದೇವರ ವಿಷಯವಾಗಿ ಗೊಣಗಿದರು ಎಂದು ಧರ್ಮೋಪದೇಶಕಾಂಡದ ಮೊದಲ ಅಧ್ಯಾಯ ಹೇಳುತ್ತದೆ. ಕೀರ್ತನೆಗಾರ ಅದೇ ಕಹಿಯನ್ನು ದೇವರ ಎದುರಿಗೇ ತಂದು ಸುರಿಯುತ್ತಾನೆ. ಬರೆದದ್ದನ್ನು ಓದಿ ನೋಡಿ. "ನೀನು" ಎಂಬ ಪದ ಹೋಗಿ "ದೇವರು ಹೀಗೆ, ಅವರು ಹಾಗೆ" ಎಂದಷ್ಟೇ ಉಳಿದಿದ್ದರೆ ಡೇರೆಯೊಳಗೆ ಹೊಕ್ಕಿದ್ದೀರಿ. ಮುಂದಿನ ಸಾಲನ್ನು ಮತ್ತೆ "ನೀನು" ಎಂದು ಶುರುಮಾಡಿ, ಅಷ್ಟೇ ಸಾಕು.

ಹಂತ 4: ಬೇಡಿಕೆ ಒಂದೇ ಇರಲಿ

ದೂರು ಮುಗಿದಾಗ ಬೇಡಿಕೆ ತಾನಾಗಿ ಬರುತ್ತದೆ. ಅದನ್ನು ಒಂದೇ ವಾಕ್ಯದಲ್ಲಿ ಬರೆದು ಕೆಳಗೆ ಗೆರೆ ಎಳೆಯಿರಿ. 13ನೇ ಕೀರ್ತನೆಯಲ್ಲಿ ದಾವೀದ ಕೇಳುವುದು ಬಹಳ ಸಣ್ಣದು: ನನ್ನತ್ತ ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು.

ಇಲ್ಲಿ ಎರಡು ಬಗೆಯ ಎಡವಟ್ಟು ನೋಡಿದ್ದೇನೆ. ಕೆಲವರು ಬೇಡುವುದೇ ಇಲ್ಲ, "ನಿನ್ನ ಚಿತ್ತವಾಗಲಿ" ಎಂದು ನೇರವಾಗಿ ಮುಗಿಸಿಬಿಡುತ್ತಾರೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೊದಲು ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ ಎಂದು ಕೇಳಿದನು, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟನು. ಹೀಗೆ ಮೂರು ಸಲ. ಕೇಳದೆ ಒಪ್ಪಿಸಿದ್ದು ಒಪ್ಪಿಸಿದಂತಾಗುವುದಿಲ್ಲ. ಇನ್ನು ಕೆಲವರು ಚೌಕಾಸಿಗಿಳಿಯುತ್ತಾರೆ: ಇದನ್ನು ಮಾಡಿಕೊಟ್ಟರೆ ಇಷ್ಟು ಕಾಣಿಕೆ, ಇಂತಿಷ್ಟು ದಿನ ಉಪವಾಸ. ಸಾಲ ಮಾಡಿ ಕಾಣಿಕೆ ಕೊಟ್ಟವರನ್ನು ನಾನು ಬಲ್ಲೆ. ಕೆಲಸವಾಗದಿದ್ದಾಗ ಅವರ ಮೇಲೆ ಸಾಲ ಉಳಿಯಿತು, ದೇವರ ಮೇಲೆ ಮುನಿಸೂ ಉಳಿಯಿತು. ಬಿಡುಗಡೆಗೆ ಬೆಲೆ ಹೇಳುವವರು ಯಾರೇ ಆಗಿರಲಿ, ಅಲ್ಲಿಂದ ಎದ್ದು ಬನ್ನಿ.

ಹಂತ 5: ಐದು ನಿಮಿಷ ಸುಮ್ಮನಿರಿ

ಪೆನ್ನು ಕೆಳಗಿಡಿ. ದೇವರು ಕಿವಿಯಲ್ಲಿ ಏನಾದರೂ ಹೇಳುತ್ತಾನೆಂದು ಕಾಯಬೇಡಿ, ಅರ್ಥ ಹುಡುಕಬೇಡಿ. ಬಹಳ ದಿನ ಏನೂ ಆಗುವುದಿಲ್ಲ. ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗು ಕೇಳುತ್ತದೆ, ಕುಕ್ಕರ್ ಕೂಗುತ್ತದೆ. ಇರಲಿ. ನಮಗೆ ಏನು ಬೇಡಬೇಕೆಂದು ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆಂದು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದಿದ್ದಾನೆ (8:26). ಆ ಐದು ನಿಮಿಷ ಆತನದು.

ಹಂತ 6: ನಿಜವೆನಿಸುವಷ್ಟು ಭರವಸವನ್ನು ಮಾತ್ರ ಹೇಳಿ

ಈಗ ಕೀರ್ತನೆಯ ಕೊನೆಯ ವಚನಗಳನ್ನು ಓದಿ. ಅದರಲ್ಲಿ ನಿಮ್ಮ ಬಾಯಿಂದ ಸುಳ್ಳಾಗದೆ ಬರುವ ಮಾತು ಎಷ್ಟಿದೆಯೋ ಅಷ್ಟನ್ನೇ ನೋಟ್‌ಬುಕ್ಕಿಗೆ ಇಳಿಸಿ. ಒಂದು ದಿನ ಅದು "ನೀನು ಇದ್ದೀ" ಎಂಬುದು ಮಾತ್ರ ಆಗಿರಬಹುದು. ಅದೂ ಬಾರದ ದಿನ "ಇದನ್ನು ನಂಬಿದವರ ಮಾತು ಇದು, ನನಗೆ ಇಂದು ಆಗುತ್ತಿಲ್ಲ" ಎಂದು ಬರೆದು ಮುಗಿಸಿ.

88ನೇ ಕೀರ್ತನೆಯನ್ನು ಆರಿಸಿಕೊಂಡವರಿಗೆ ಇಲ್ಲಿ ಗಲಿಬಿಲಿಯಾಗುತ್ತದೆ, ಏಕೆಂದರೆ ಅದರಲ್ಲಿ ಭರವಸದ ಭಾಗವೇ ಇಲ್ಲ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಮೂಲ ಹೀಬ್ರೂವಿನಲ್ಲಿ ಕೊನೆಯ ಪದವೇ ಕತ್ತಲೆ. ಆದರೂ ಅದರ ಮೊದಲ ವಚನ ದೇವರನ್ನು ನನ್ನನ್ನು ರಕ್ಷಿಸುವವನೇ ಎಂದು ಕರೆಯುತ್ತದೆ. ಆ ಕರೆಯಷ್ಟೇ ಅಂದಿನ ನಂಬಿಕೆ. ಸತ್ಯವೇದವನ್ನು ಒಟ್ಟುಗೂಡಿಸಿದವರು ಅದಕ್ಕೊಂದು ಸಿಹಿ ಮುಕ್ತಾಯ ಅಂಟಿಸಲಿಲ್ಲ. ನೀವೂ ಅಂಟಿಸಬೇಡಿ.

ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೆಯ ಅಧ್ಯಾಯವನ್ನು ನಾವು ಸಾಕ್ಷಿ ಕೂಟಗಳಲ್ಲಿ ಬಹಳ ಬಳಸುತ್ತೇವೆ, "ಆದರೂ ನಾನು ಸಂತೋಷಿಸುವೆನು" ಎಂಬ ಅರ್ಥದ ಮಾತನ್ನು. ಆ ಮಾತಿಗೆ ಮೊದಲು ಅವನು ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿಹಟ್ಟಿ, ದನದ ಕೊಟ್ಟಿಗೆ ಎಂದು ನಷ್ಟಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಪುಸ್ತಕವನ್ನು ಶುರುಮಾಡಿದ್ದೂ "ಇನ್ನೆಷ್ಟರವರೆಗೆ" ಎಂದೇ. ಎಣಿಸದೆ "ಆದರೂ" ಎಂಬಲ್ಲಿಗೆ ಬರುವ ದಾರಿ ಅವನಿಗೂ ಇರಲಿಲ್ಲ.

ಹಂತ 7: ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ

ಎರಡು ಮೂರು ವಾರ ಕಳೆದ ಮೇಲೆ, ಒಬ್ಬರಿಗೆ ಹೇಳಿ. ಇಡೀ ಸಭೆಗೆ ಬೇಡ. ಯೇಸುವೂ ಗೆತ್ಸೇಮನೆಯ ಒಳಗೆ ಕರೆದೊಯ್ದದ್ದು ಪೇತ್ರ, ಯಾಕೋಬ, ಯೋಹಾನ ಈ ಮೂವರನ್ನು ಮಾತ್ರ, ಅವರೂ ನಿದ್ರೆ ಹೋದರು. ಜೊತೆಗಾರರಿಂದ ಹೆಚ್ಚು ನಿರೀಕ್ಷಿಸಬೇಡಿ.

ಯಾರನ್ನು ಆರಿಸಬೇಕು? ಕೇಳಿಸಿಕೊಂಡು ಸುಮ್ಮನಿರಬಲ್ಲವರನ್ನು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ನಿನ್ನ ಪಾಪಕ್ಕೇ ಹೀಗಾಯಿತು ಎಂದರು, ಕೊನೆಗೆ ದೇವರು ಕೋಪಗೊಂಡದ್ದು ಅವರ ಮೇಲೆಯೇ. ನಿಮ್ಮ ಮಾತು ಮುಗಿಯುವ ಮೊದಲೇ ವಚನ ಎತ್ತಿ ಹೇಳುವವರು, ಮನೆಯಲ್ಲಿ ಗುಪ್ತ ಪಾಪವಿದೆಯೇ ಎಂದು ವಿಚಾರಿಸುವವರು ಈ ಕೆಲಸಕ್ಕೆ ಸರಿಹೋಗುವುದಿಲ್ಲ, ಎಷ್ಟೇ ಹಿರಿಯರಾಗಿದ್ದರೂ. ಸಭಾಪಾಲಕರು ಅಥವಾ ಫಾದರ್ ಹಾಗೆ ಕೇಳಿಸಿಕೊಳ್ಳುವವರಾದರೆ ಅವರಿಗಿಂತ ಒಳ್ಳೆಯವರಿಲ್ಲ.

ಅವರನ್ನು ಭೇಟಿಯಾದಾಗ ಮೊದಲೇ ಹೇಳಿಬಿಡಿ: "ಅಕ್ಕಾ, ನನಗೆ ಸಲಹೆ ಬೇಡ. ನಾನು ಈ ಕೀರ್ತನೆ ಓದುತ್ತೇನೆ, ನೀವು ಕೊನೆಗೆ ಆಮೆನ್ ಅನ್ನಿ." ಹೀಗೆ ಹೇಳಲು ಮುಜುಗರವಾಗುತ್ತದೆ, ಆದರೂ ಹೇಳಿ. ಎದುರಿಗಿದ್ದವರಿಗೂ ಹಗುರವಾಗುತ್ತದೆ, ಏನು ಹೇಳಬೇಕೆಂದು ತಿಳಿಯದೆ ಅವರೂ ಒದ್ದಾಡುತ್ತಿರುತ್ತಾರೆ.

ಈ ಗುರುತುಗಳು ಕಂಡರೆ ನಿಲ್ಲಿಸಿ, ಸಹಾಯ ಕೇಳಿ

ದುಃಖ ಬೇರೆ, ಖಿನ್ನತೆ ಎಂಬ ಕಾಯಿಲೆ ಬೇರೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಸಿದೇ ಇದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ನಿದ್ರೆ ಮತ್ತು ಹಸಿವು ಪೂರ್ತಿ ಕೆಟ್ಟಿದ್ದರೆ, ಸ್ನಾನ ಅಡುಗೆಯಂಥ ಕೆಲಸವೂ ಆಗದಿದ್ದರೆ ವೈದ್ಯರನ್ನು ಕಾಣಿ. ಸಾಯಬೇಕು ಅನಿಸಿದರೆ ಒಂದು ದಿನವೂ ಕಾಯಬೇಡಿ, ಒಬ್ಬರೇ ಇರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆಯಾದಂತೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎಲೀಯನಿಗೆ ರೊಟ್ಟಿ ತಂದ ಕೈ ಔಷಧದ ಅಂಗಡಿಯ ಮೂಲಕವೂ ಬರುತ್ತದೆ.

ಕಷ್ಟಕ್ಕೆ ಕಾರಣ ಮನೆಯೊಳಗಿನ ಹೊಡೆತ ಬಡಿತವಾಗಿದ್ದರೆ ಈ ಮಾರ್ಗದರ್ಶಿ ನಿಮಗೆ ಎರಡನೆಯದು. ಮೊದಲು ಅಲ್ಲಿಂದ ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಏಟು ತಿನ್ನುತ್ತಾ ಇರುವುದನ್ನು ಶಿಲುಬೆ ಹೊರುವುದು ಎಂದು ಕರೆದವರ ಮಾತನ್ನು ನಂಬಿ ಕೆಲವು ತಂಗಿಯರು ವರ್ಷಗಟ್ಟಲೆ ಸುಮ್ಮನಿದ್ದರು. ದಾವೀದನೂ ಅರಸ ಸೌಲನ ಈಟಿಯಿಂದ ತಪ್ಪಿಸಿಕೊಂಡು ಕಿಟಕಿಯಿಂದ ಇಳಿದು ಓಡಿಹೋಗಿದ್ದನು.

ಹಂತ 8: ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿ

ಬೆಳವಣಿಗೆ ಆಗುತ್ತಿದೆಯೋ ಇಲ್ಲವೋ ಎಂದು ದಿನಾ ಅಳೆಯಬೇಡಿ, ಕಾಣಿಸುವುದಿಲ್ಲ. ತಿಂಗಳ ಕೊನೆಗೆ ಒಮ್ಮೆ ಕುಳಿತು ಮೊದಲಿನಿಂದ ಓದಿ.

ನಾನು ಹುಡುಕುವ ಗುರುತುಗಳು ಇವು. ದೂರಿನ ಮಾತು ಮೊದಲಿಗಿಂತ ನೇರವಾಗಿದೆಯೇ? ದೇವರನ್ನು ಕರೆಯುವ ಹೆಸರು ಬದಲಾಗಿದೆಯೇ? ಬೇಡಿಕೆಯಲ್ಲಿ ಬೇರೆಯವರ ಹೆಸರು ಬರತೊಡಗಿದೆಯೇ? ಕೊನೆಯದು ಮುಖ್ಯ. ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕನೆಯ ತಿಂಗಳ ಹೊತ್ತಿಗೆ ಪಕ್ಕದ ಹಾಸಿಗೆಯ ಚಾಮರಾಜನಗರದ ಯಜಮಾನರ ವಿಷಯ ಬಂದಿತ್ತು, ಬಸ್ಸಿಗೆ ಅವರ ಬಳಿ ದುಡ್ಡಿರಲಿಲ್ಲ. ಮೊದಲ ಎರಡು ತಿಂಗಳ ಚಂದದ ಪುಟಗಳಲ್ಲಿ ನಾನು ಅಮ್ಮನ ಹಾಸಿಗೆ ಬಿಟ್ಟು ಬೇರೆ ಯಾರನ್ನೂ ನೋಡಿರಲಿಲ್ಲ.

ಪರಿಸ್ಥಿತಿ ಬದಲಾಗದೆಯೂ ಇದು ಆಗುತ್ತದೆ. ಮಕ್ಕಳಿಲ್ಲದೆ ನೊಂದಿದ್ದ ಹನ್ನಳ ಕಥೆಯನ್ನು (1 ಸಮುವೇಲ 1) ನಾವು ಸಮುವೇಲ ಹುಟ್ಟಿದ್ದರಿಂದ ನೆನೆಯುತ್ತೇವೆ. ಆದರೆ ಅವಳು ಯಾಜಕನಾದ ಏಲಿಯ ಕಣ್ಣಿಗೆ ಕುಡಿದವಳಂತೆ ಕಂಡಷ್ಟು ತನ್ನ ಮನಸ್ಸನ್ನು ಹೊಯ್ದುಕೊಂಡ ಮೇಲೆ ಹೋಗಿ ಊಟಮಾಡಿದಳು, ಅವಳ ಮುಖದಲ್ಲಿ ದುಃಖ ಉಳಿಯಲಿಲ್ಲ. ಆಗ ಅವಳಿನ್ನೂ ಬಸುರಿಯಲ್ಲ. ಪೌಲ ತನ್ನ ಶರೀರದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದನು, ಸಿಕ್ಕ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" ಎಂಬುದು. ಮುಳ್ಳು ಹೋಯಿತೆಂದು ಅವನು ಎಲ್ಲಿಯೂ ಬರೆದಿಲ್ಲ. ನನ್ನ ಅಮ್ಮ ಉಳಿಯಲಿಲ್ಲ.

ಸಾಕ್ಷಿ ಹೇಳಲು ಅವಸರ ಬೇಡ. ಗಾಯ ಹಸಿಯಿರುವಾಗಲೇ ವೇದಿಕೆಗೆ ಕರೆದರೆ "ಈಗಲ್ಲ" ಎನ್ನಿ. ಅದರ ಬದಲು ನಿಮ್ಮಂಥದೇ ಕಷ್ಟದಲ್ಲಿರುವ ಒಬ್ಬರ ಮನೆಗೆ ಊಟದ ಡಬ್ಬಿ ತೆಗೆದುಕೊಂಡು ಹೋಗಿ. ಕೇಳಿದರೆ ಮಾತ್ರ ಕೀರ್ತನೆಯ ವಿಷಯ ಹೇಳಿ.

ವರ್ಷ ತಿರುಗಿ ಬಂದಾಗ

ಸುಮಾರು ಸರಿಹೋಯಿತು ಎಂದುಕೊಂಡವರು ಮೊದಲ ವರ್ಷದ ಅದೇ ದಿನಾಂಕಕ್ಕೆ, ಮೊದಲ ಕ್ರಿಸ್ಮಸ್‌ಗೆ, ಸತ್ತವರ ಹುಟ್ಟುಹಬ್ಬಕ್ಕೆ ಮತ್ತೆ ಕುಸಿಯುತ್ತಾರೆ, ಇಷ್ಟು ದಿನ ಮಾಡಿದ್ದೆಲ್ಲ ವ್ಯರ್ಥವಾಯಿತೆಂದು ಹೆದರುತ್ತಾರೆ. ವ್ಯರ್ಥವಾಗಿರುವುದಿಲ್ಲ. ಆ ದಿನವನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟು, ಹಿಂದಿನ ದಿನವೇ ಜೊತೆಗಾರರಿಗೆ ತಿಳಿಸಿ. ಬೆಳಿಗ್ಗೆ ತಿಂಡಿ ತಿನ್ನಿ. ಹಳೆಯ ನೋಟ್‌ಬುಕ್ಕಿನಲ್ಲಿ ಕಳೆದ ವರ್ಷದ ಅದೇ ದಿನದ ಪುಟ ತೆರೆದು, ಅಂದು ಓದಿದ ಕೀರ್ತನೆಯನ್ನೇ ಮತ್ತೆ ಗಟ್ಟಿಯಾಗಿ ಓದಿ, ಅದರ ಕೆಳಗೆ ಹೊಸ ದಿನಾಂಕ ಹಾಕಿ ಮೂರನೆಯ ಹಂತದಿಂದ ಬರೆಯತೊಡಗಿ.